ಮುಳುಗಡೆಯ ಅಜ್ಜಿಯ ಬದುಕನ್ನು ಹುಡುಕಿಕೊಂಡು ಹೋದಾಗ

ಅಜ್ಜಿಯ ಬದುಕಿನ ಪುಸ್ತಕ ಅಂತೂ ಅಚ್ಚಾಗಿ ಕೈಗೆ ಬಂತು. ಎಂಬತ್ತೆಂಟು ಪುಟ, ನೂರು ಪ್ರತಿ. ಮಾರಾಟಕ್ಕಲ್ಲ, ಬಂಧುಗಳಿಗೆ ಮತ್ತು ಅಜ್ಜಿಯನ್ನು ಬಲ್ಲವರಿಗೆ ಕೊಡಲು ಮಾಡಿಸಿದ್ದು. 2024ರ ಕಾರ್ತಿಕ ಮಾಸದಲ್ಲಿ ಅವಳು ತೀರಿಕೊಂಡಳು. ವರ್ಷಾಂತಿಕದ ದಿನ ಪುಸ್ತಕ ಹಂಚಬೇಕೆಂದು ಮನೆಯವರೆಲ್ಲ ಮಾತಾಡಿಕೊಂಡಿದ್ದೆವು. ಆಗಲಿಲ್ಲ, ಒಂದು ಕಡತಕ್ಕಾಗಿ ಕಾಯುವುದರಲ್ಲೇ ಮಳೆಗಾಲ ಕಳೆದುಹೋಯಿತು. ಈಗ ಎಲ್ಲ ಮುಗಿದ ಮೇಲೆ, ಯಾವ ಬಾಗಿಲು ತಟ್ಟಿದೆ, ಎಲ್ಲಿ ಏನು ಸಿಕ್ಕಿತು, ಎಲ್ಲಿಂದ ಬರಿಗೈಯಲ್ಲಿ ಬಂದೆ ಎಂಬುದನ್ನು ಬರೆದಿಡುತ್ತಿದ್ದೇನೆ. ಶರಾವತಿ ಮುಳುಗಡೆಯ ಮನೆಗಳಲ್ಲಿ ಇಂಥ ಅಜ್ಜಿಯರು ಇನ್ನೂ ಕೆಲವರು ಇದ್ದಾರೆ. ಅವರ ಮೊಮ್ಮಕ್ಕಳಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ನಾನು ಸುತ್ತಿದಷ್ಟು ಸುತ್ತಬೇಕಾಗಿಲ್ಲ.

ಅಜ್ಜಿ ಹುಟ್ಟಿದ ಊರು ಈಗ ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿದೆ. ಅವಳ ಬಾಲ್ಯದಲ್ಲಿ ಹಿರೇಭಾಸ್ಕರ ಅಣೆಕಟ್ಟೆಯ ನೀರು ತವರಿನವರನ್ನು ಎಬ್ಬಿಸಿತು. ಮದುವೆಯಾಗಿ ಮಕ್ಕಳಾದ ಮೇಲೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ನೀರು ಗಂಡನ ಮನೆಯನ್ನೂ ಎಬ್ಬಿಸಿತು. ಹೊಸ ಊರಿನಲ್ಲಿ ಗೇಣಿ ಗದ್ದೆ ಹಿಡಿದು ಒಲೆ ಹೂಡಿದ ಕೆಲವೇ ವರ್ಷಕ್ಕೆ ಅಜ್ಜ ಹೋದರು. ಆಮೇಲೆ ಅವಳೊಬ್ಬಳೇ ನಾಲ್ಕು ಮಕ್ಕಳನ್ನು ಸಾಕಿದಳು, ಹೆರಿಗೆ ಮಾಡಿಸಲು ಹಿನ್ನೀರು ದಾಟಿ ಹೋದಳು, ಉಳುವ ಗದ್ದೆಯ ಹಕ್ಕಿಗಾಗಿ ಭೂ ನ್ಯಾಯ ಮಂಡಳಿಯ ಮುಂದೆ ನಿಂತಳು, ಮಂಡಲ ಪಂಚಾಯಿತಿಯ ಸದಸ್ಯೆಯಾದಳು. ನಮ್ಮ ಮನೆಯಲ್ಲಿ ಇದನ್ನೆಲ್ಲ ಯಾರೂ ಬಿಡಿಸಿ ಹೇಳಿದ್ದಿಲ್ಲ. "ಬಹಳ ಕಷ್ಟಪಟ್ಟಳು ಪಾಪ" ಎನ್ನುವ ಒಂದು ಮಾತಿನಲ್ಲಿ ತೊಂಬತ್ತು ವರ್ಷ ಮುಗಿಯುತ್ತಿತ್ತು. ಹದಿಮೂರನೆಯ ದಿನ ಊಟಕ್ಕೆ ಬಂದವರಲ್ಲಿ ನಮಗೆ ಗುರುತೇ ಇಲ್ಲದವರು ಎಷ್ಟೋ ಮಂದಿ ಇದ್ದರು. ಒಬ್ಬೊಬ್ಬರೂ ಒಂದೊಂದು ಕಥೆ ಹೇಳಿ ಹೋದರು. ಪುಸ್ತಕದ ಯೋಚನೆ ಹುಟ್ಟಿದ್ದು ಆ ದಿನವೇ.

ಶುರುವಾದದ್ದು ಮಾತ್ರ ಮರಣ ಪ್ರಮಾಣಪತ್ರದಿಂದ. ಅದು ಹೇಗೂ ಮಾಡಿಸಲೇಬೇಕಾದ ಕೆಲಸ. 21 ದಿನಗಳ ಒಳಗೆ ಮಾಹಿತಿ ಕೊಟ್ಟರೆ ನೋಂದಣಿಗೆ ಶುಲ್ಕವಿಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದ ತನಕ ಹೋಗುತ್ತದೆ. ದುಃಖದ ಮನೆಯಲ್ಲಿ ಇದು ಮರೆತುಹೋಗುವುದು ಸಹಜ, ಆದ್ದರಿಂದ ಒಬ್ಬರು ಇದರ ಹೊಣೆ ಹೊತ್ತುಕೊಳ್ಳುವುದು ಒಳ್ಳೆಯದು. ಅರ್ಜಿಯಲ್ಲಿ ವಯಸ್ಸು ಬರೆಯುವಾಗ ತೊಡಕು ಎದುರಾಯಿತು. ಆಧಾರ್ ಕಾರ್ಡಿನಲ್ಲಿ ಜನವರಿ 1, 1940. ಮತದಾರರ ಚೀಟಿಯ ಪ್ರಕಾರ ಅದಕ್ಕಿಂತ ನಾಲ್ಕು ವರ್ಷ ಹಿರಿಯಳು. ಪಿಂಚಣಿಯ ಕಾಗದದಲ್ಲಿ ಇನ್ನೊಂದು. ಹುಟ್ಟಿದ ದಿನ ಗೊತ್ತಿಲ್ಲದ ಆ ತಲೆಮಾರಿನವರಲ್ಲಿ ಬಹುಪಾಲು ಜನರಿಗೆ ಆಧಾರ್‌ನಲ್ಲಿ ಜನವರಿ 1 ಎಂದೇ ಬಿದ್ದಿರುತ್ತದೆ. ಅದನ್ನು ಹುಟ್ಟಿದ ದಿನವೆಂದು ನಂಬಿ ಪುಸ್ತಕ ಬರೆಯಬೇಡಿ. ಪ್ರಮಾಣಪತ್ರಕ್ಕೆ ಆಧಾರ್ ಪ್ರಕಾರವೇ ಕೊಟ್ಟೆವು. ಮುಂದೆ ವಾರಸಾ ಖಾತೆ ಬದಲಾವಣೆಗೆ ಹೆಸರು ಮತ್ತು ವಯಸ್ಸು ಹೊಂದಿಕೆಯಾಗುವುದು ಮುಖ್ಯ. ಪುಸ್ತಕದ ವಯಸ್ಸನ್ನು ಬೇರೆ ದಾರಿಯಲ್ಲಿ ಹುಡುಕಿದೆ.

ಆ ದಾರಿಯನ್ನು ಜನಗಣತಿಯವರು ಹಿಂದಿನಿಂದಲೂ ಬಳಸುತ್ತ ಬಂದಿದ್ದಾರೆ: ಊರಿಗೆಲ್ಲ ನೆನಪಿರುವ ಘಟನೆಗಳ ಪಟ್ಟಿ ಇಟ್ಟುಕೊಂಡು, ಅದರ ಹಿಂದೆಯೋ ಮುಂದೆಯೋ ಎಂದು ಕೇಳುತ್ತ ವಯಸ್ಸು ಅಂದಾಜು ಮಾಡುವುದು. ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ, ಗಾಂಧಿ ತೀರಿಕೊಂಡ ವರ್ಷವೂ ಅದೇ. ಆ ಹೊತ್ತಿಗೆ ತಾನು ಮೈನೆರೆದಿರಲಿಲ್ಲ ಎಂದು ಅಜ್ಜಿ ತನ್ನ ಮಗಳ, ಅಂದರೆ ನಮ್ಮ ಅತ್ತೆಯ ಹತ್ತಿರ ಹೇಳಿದ್ದಳು. ಗೇಣಿದಾರ ರೈತರ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಅದರ ಮರುವರ್ಷ ಮದುವೆ. ದೊಡ್ಡಪ್ಪ ಹುಟ್ಟಿದ್ದು 1953. ಇವನ್ನೆಲ್ಲ ಜೋಡಿಸಿದರೆ 1935ರ ಆಸುಪಾಸು ಎಂದಾಗುತ್ತದೆ. ಪುಸ್ತಕದಲ್ಲಿ ಹಾಗೆಯೇ, "1935ರ ಸುಮಾರು" ಎಂದು ಹಾಕಿದೆವು.

ಇಲ್ಲಿ ಒಂದು ಸಲಹೆ. ನನಗೆ ಇದನ್ನು ಹೇಳಿಕೊಟ್ಟವರು ಒಬ್ಬ ನಿವೃತ್ತ ಮೇಷ್ಟ್ರು. ಕಚೇರಿಯ ಕಡೆ ಹೋಗುವ ಮೊದಲು ಮನುಷ್ಯರ ಕಡೆ ಹೋಗಿ. ಕಡತ ಇಂದಲ್ಲ ನಾಳೆ ಸಿಗಬಹುದು. ಎಂಬತ್ತೆಂಟು ವರ್ಷದ ಗೆಳತಿ ನಾಳೆ ಇರುತ್ತಾಳೆಂದು ಹೇಳಲಾಗದು. ಅಜ್ಜಿಯ ಜೊತೆಯವರಲ್ಲಿ ಬದುಕಿರುವವರ ಪಟ್ಟಿ ಮಾಡಿ, ಎಲ್ಲರಿಗಿಂತ ಹಿರಿಯರ ಮನೆಗೆ ಮೊದಲು ಹೋದೆ. ಆಕೆ ಇರುವುದು ಹಿನ್ನೀರಿನ ಆಚೆ, ತುಮರಿಯ ಕಡೆ. ಮೊದಮೊದಲು ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾದು ಹೋಗುತ್ತಿದ್ದೆ. ರಜೆಯ ದಿನಗಳಲ್ಲಿ ಸಿಗಂದೂರಿಗೆ ಹೋಗುವ ಭಕ್ತರ ವಾಹನಗಳ ಸಾಲಿನಲ್ಲಿ ಅರ್ಧ ದಿನ ಅಲ್ಲಿಯೇ ಕಳೆಯುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾದ ಮೇಲೆ ಅದೇ ದಾರಿ ಕೆಲವು ನಿಮಿಷಗಳದ್ದಾಯಿತು. ಆರು ದಶಕ ಆ ನೀರಿನ ಅಂಚಿನಲ್ಲಿ ಬದುಕಿದ ಅಜ್ಜಿ ಆ ಸೇತುವೆಯ ಮೇಲೆ ಒಮ್ಮೆಯೂ ನಡೆಯಲಿಲ್ಲವಲ್ಲ ಎಂದು ಮೊದಲ ಸಲ ದಾಟಿದಾಗ ಗಂಟಲು ಕಟ್ಟಿತು.

ಹಿರಿಯರನ್ನು ಮಾತಾಡಿಸುವಾಗ ಮೊಬೈಲ್‌ನಲ್ಲಿ ಧ್ವನಿಮುದ್ರಣ ಸಾಕು, ಬೇರೆ ಯಂತ್ರ ಬೇಡ. ಫ್ಯಾನ್ ಆರಿಸಿ, ಮೊಬೈಲನ್ನು ಅವರ ಮಗ್ಗುಲಲ್ಲಿ ಬಟ್ಟೆಯ ಮೇಲಿಡಿ. ಊಟದ ಮುಂಚಿನ ಹೊತ್ತು ಒಳ್ಳೆಯದು. "ಅಜ್ಜಿಯ ಬಗ್ಗೆ ಹೇಳಿ" ಎಂದರೆ "ದೇವರಂಥವಳು" ಎಂದು ನಿಲ್ಲಿಸುತ್ತಾರೆ. "ಹಳೆಯ ಮನೆಯ ಅಂಗಳದಲ್ಲಿ ಏನೇನು ಇತ್ತು", "ಮನೆ ಬಿಚ್ಚಿದಾಗ ಹೆಂಚು ಹೊತ್ತವರು ಯಾರು" ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಮನೆ ಬಿಚ್ಚಿದ ಕಥೆಯನ್ನು ಆ ಗೆಳತಿ ಹೇಳಿದ ರೀತಿಯನ್ನು ನಾನು ಮರೆಯಲಾರೆ. ತೊಲೆ, ಬಾಗಿಲು, ಹೆಂಚು, ಒರಳುಕಲ್ಲು ಎಲ್ಲವನ್ನೂ ಗಾಡಿಗೆ ಹೇರಿದರಂತೆ. ಎರಡು ವರ್ಷದ ನಮ್ಮ ಅಪ್ಪ ಅಜ್ಜಿಯ ಸೊಂಟದಲ್ಲಿ. ಕೊಟ್ಟಿಗೆಯ ಹಸುವೊಂದು ಎಷ್ಟು ಎಳೆದರೂ ಹೊಳೆ ದಾಟಲು ಒಪ್ಪದೆ ಮತ್ತೆ ಮತ್ತೆ ಹಳೆಯ ಕೊಟ್ಟಿಗೆಗೆ ಓಡುತ್ತಿತ್ತಂತೆ. ಕೊನೆಗೆ ಅಜ್ಜಿ ಅಪ್ಪನನ್ನು ಈಕೆಯ ಕೈಗಿತ್ತು, ತಾನೇ ಹಸುವಿನ ಹಗ್ಗ ಹಿಡಿದು ನೀರಿಗಿಳಿದಳಂತೆ.

ಹೇಳಿದ್ದನ್ನೆಲ್ಲ ಬರೆದುಕೊಳ್ಳುವಾಗ ನಾನು ಮೂರು ಗುರುತು ಇಟ್ಟುಕೊಂಡೆ: ಕಾಗದದಲ್ಲಿ ಇರುವುದು, ಇಬ್ಬರಿಗಿಂತ ಹೆಚ್ಚು ಮಂದಿ ಬೇರೆ ಬೇರೆಯಾಗಿ ಹೇಳಿದ್ದು, ಒಬ್ಬರೇ ಹೇಳಿದ್ದು. ಕಾಗೋಡಿನ ಸಂಗತಿ ಮೂರನೆಯದು. ಗೇಣಿ ಅಳೆಯುವ ಕೊಳಗದ ವಿಷಯದಲ್ಲಿ ರೈತರು ಸೆಟೆದು ನಿಂತ ಆ ಹೋರಾಟದ ದಿನಗಳಲ್ಲಿ ತಾನು ಸೋದರತ್ತೆಯ ಜೊತೆ ಅಲ್ಲಿಗೆ ನಡೆದುಹೋಗಿದ್ದೆ, ಪೊಲೀಸರನ್ನು ಕಂಡು ಅಡಿಕೆ ತೋಟದಲ್ಲಿ ಅಡಗಿದ್ದೆ ಎಂದು ಅಜ್ಜಿ ಹೇಳುತ್ತಿದ್ದಳು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಬಂಧಿಸಿದ್ದು ಅದೇ ಸತ್ಯಾಗ್ರಹದಲ್ಲಿ. ಅಜ್ಜಿ ಅಲ್ಲಿದ್ದಳು ಎನ್ನಲು ಅವಳ ಮಾತಿನ ಹೊರತು ಯಾವ ಆಧಾರವೂ ಸಿಗಲಿಲ್ಲ. ನನಗೆ ಅವಳ ಮಾತಿನಲ್ಲಿ ಅನುಮಾನವಿಲ್ಲ. ಆದರೂ ಪುಸ್ತಕದಲ್ಲಿ "ಅಜ್ಜಿ ಹೇಳುತ್ತಿದ್ದಂತೆ" ಎಂದು ಸೇರಿಸಿಯೇ ಬರೆದೆ. ಈ ಶಿಸ್ತು ಇದ್ದರೆ ಉಳಿದ ಪುಟಗಳನ್ನೂ ಓದುವವರು ನಂಬುತ್ತಾರೆ.

ಕಾಗದಗಳ ಹುಡುಕಾಟದಲ್ಲಿ ಮೊದಲ ಬಾಗಿಲು ಮುಳುಗಡೆಯ ಪರಿಹಾರದ ಪಟ್ಟಿಯದು. ಅಲ್ಲಿ ಅಜ್ಜನ ಹೆಸರೇ ಇರಲಿಲ್ಲ. ಭೂಮಿ ಒಡೆಯರದು, ಪರಿಹಾರವೂ ಒಡೆಯರ ಹೆಸರಿಗೆ. ಉಳುತ್ತಿದ್ದ ಗೇಣಿದಾರ ಆ ಕಾಗದದಲ್ಲಿ ಇಲ್ಲ. ಅಜ್ಜಿ ಎಲ್ಲಿಂದ ಬರಬೇಕು? ಬಹಳ ದಿನ ಈ ಸಂಕಟ ನನ್ನನ್ನು ಬಿಡಲಿಲ್ಲ. ಇಡೀ ಊರು ಎದ್ದು ಹೋಗಿದೆ, ಒಂದು ಕುಟುಂಬ ಅಲ್ಲಿತ್ತು ಎನ್ನಲು ಸರ್ಕಾರದ ಹತ್ತಿರ ಒಂದು ಸಾಲೂ ಇಲ್ಲ. ಆಮೇಲೆ ನನಗೆ ಹೊಳೆಯಿತು, ಆ ಕಾಲದ ಬಡ ಹೆಂಗಸನ್ನು ಅವಳ ಹೆಸರಿನ ಕಡತದಲ್ಲಿ ಹುಡುಕಿ ಪ್ರಯೋಜನವಿಲ್ಲ; ಮಕ್ಕಳ ಕಾಗದದಲ್ಲಿ, ಒಡೆಯರ ಲೆಕ್ಕದಲ್ಲಿ, ಊರಿನ ನಡವಳಿ ಪುಸ್ತಕದಲ್ಲಿ ಹುಡುಕಬೇಕು.

ಹಾಗೆ ಹೋದದ್ದು ದೊಡ್ಡಪ್ಪ ಓದಿದ ಶಾಲೆಗೆ. ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕವನ್ನು ಎಷ್ಟು ವರ್ಷವಾದರೂ ಬಿಸಾಡುವುದಿಲ್ಲ. ಮುಖ್ಯ ಶಿಕ್ಷಕರ ಬೀರುವಿನಲ್ಲಿ ಅದು ಇದ್ದೇ ಇರುತ್ತದೆ. ಕುಟುಂಬದ ಗುರುತಿನ ಚೀಟಿ ತೋರಿಸಿ, ಒಂದು ಮನವಿ ಬರೆದುಕೊಟ್ಟೆ. ಪರೀಕ್ಷೆಯ ಗಡಿಬಿಡಿ ಮುಗಿದ ಮೇಲೆ ಬನ್ನಿ ಎಂದರು, ಹೋದೆ. ಅವರೇ ಕೂತು ಪುಟ ತಿರುವಿದರು. 1963ರ ಜೂನ್ ತಿಂಗಳ ಪುಟದಲ್ಲಿ ದೊಡ್ಡಪ್ಪನ ಹೆಸರು, ಹಿಂದೆ ಓದಿದ ಶಾಲೆಯ ಜಾಗದಲ್ಲಿ ಮುಳುಗಿದ ಊರಿನ ಹೆಸರು. ಅದೇ ಪುಸ್ತಕದ ಮುಂದಿನ ಸಂಪುಟದಲ್ಲಿ ನಮ್ಮ ಅತ್ತೆಯ ಸಾಲು. ಪೋಷಕರ ಕಾಲಂನಲ್ಲಿ ಅಜ್ಜಿಯ ಹೆಸರು, ಪಕ್ಕದಲ್ಲಿ ಉದ್ಯೋಗ: ಗೇಣಿ ಬೇಸಾಯ. ಯಾವ ಪರಿಹಾರದ ಪಟ್ಟಿಯಲ್ಲೂ ಇಲ್ಲದ ನನ್ನ ಅಜ್ಜಿಯನ್ನು ಯಾರೋ ಒಬ್ಬ ಮೇಷ್ಟ್ರು ನೀಲಿ ಶಾಯಿಯಲ್ಲಿ ಬೇಸಾಯಗಾರಳೆಂದು ಬರೆದಿಟ್ಟಿದ್ದರು. ಊರು ಬಿಟ್ಟ ವರ್ಷ ಖಚಿತವಾದದ್ದು ಇಲ್ಲಿಯೇ. ಫೋಟೋ ತೆಗೆಯಲು ಅನುಮತಿ ಕೇಳಿ ತೆಗೆದೆ. ಅತ್ತೆಗೆ ತೋರಿಸಿದಾಗ ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದಳು.

ಇನ್ನು ಭೂ ನ್ಯಾಯ ಮಂಡಳಿಯ ಕಡತ. ಇದೇ ನನ್ನ ಮಳೆಗಾಲವನ್ನು ನುಂಗಿದ್ದು, ಇದೇ ನನಗೆ ಅಜ್ಜಿಯನ್ನು ಕೊಟ್ಟದ್ದು.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳುತ್ತೇನೆ. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು, ಅಂದರೆ ಆ ಭೂಮಿಯನ್ನು ತಮ್ಮದಾಗಿ ಹೊಂದುವ ಹಕ್ಕು, ಪಡೆಯಬಹುದಾಗಿತ್ತು. ಅರ್ಜಿಯ ಗಡುವು ಕೊನೆಗೆ 1979ರ ಜೂನ್ 30ರವರೆಗೂ ವಿಸ್ತರಣೆಯಾಯಿತು. ತಾಲ್ಲೂಕಿಗೊಂದು ನ್ಯಾಯ ಮಂಡಳಿ, ಅದಕ್ಕೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಆ ದಿನಗಳಲ್ಲಿ ಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ. ಗೇಣಿದಾರರೇ ನಿಂತು ಮಾತನಾಡಬೇಕು. ಗೆದ್ದವರಿಗೆ ಕೊನೆಗೆ ನಮೂನೆ 10ರಲ್ಲಿ ಪ್ರಮಾಣಪತ್ರ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇದ್ದದ್ದು ಆ ಪ್ರಮಾಣಪತ್ರ ಮಾತ್ರ, ಅದೂ ಗೆದ್ದಲು ತಿಂದು ಅರ್ಧವಾಗಿತ್ತು. ಪ್ರಕರಣದ ಸಂಖ್ಯೆ ಹರಿದ ಕಡೆ ಹೋಗಿತ್ತು.

ಸಂಖ್ಯೆಯಿಲ್ಲದೆ ದಾಖಲೆ ಕೊಠಡಿಯವರು ಕಡತ ಹುಡುಕುವುದಿಲ್ಲ, ಹುಡುಕಲೂ ಸಾಧ್ಯವಿಲ್ಲ. ಅದನ್ನು ಹಿಡಿಯುವ ದಾರಿ ಹೀಗಿದೆ. ಈಗಿನ ಪಹಣಿಯಿಂದ ಸರ್ವೆ ನಂಬರ್ ತೆಗೆದುಕೊಳ್ಳಿ. ಆ ನಂಬರಿನ ಕೈಬರಹದ ಹಳೆಯ ಪಹಣಿಗೆ ಅರ್ಜಿ ಹಾಕಿ. ಕಂಪ್ಯೂಟರ್ ಬರುವ ಮೊದಲಿನ ಪಹಣಿಗಳು ಬೇರೆ ಪುಸ್ತಕಗಳಲ್ಲಿ ಇರುತ್ತವೆ. ಒಡೆಯರ ಹೆಸರು ಹೋಗಿ ಗೇಣಿದಾರರ ಹೆಸರು ಬಂದ ವರ್ಷ ಸಿಕ್ಕಿದರೆ ಅಲ್ಲಿಯೇ ಮ್ಯುಟೇಷನ್ (ಖಾತೆ ಬದಲಾವಣೆ) ಸಂಖ್ಯೆ ಇರುತ್ತದೆ. ಆ ಮ್ಯುಟೇಷನ್ನಿನ ನಕಲಿನಲ್ಲಿ ನ್ಯಾಯ ಮಂಡಳಿಯ ಆದೇಶದ ಸಂಖ್ಯೆ ಮತ್ತು ದಿನಾಂಕ ಬರೆದಿರುತ್ತಾರೆ. ನಾನು ಇದೇ ಮೆಟ್ಟಿಲು ಹತ್ತಿದೆ. ನಕಲು ಶುಲ್ಕ ದೊಡ್ಡದಲ್ಲ. ಪ್ರತಿ ಹಂತದಲ್ಲೂ ಕೆಲವು ಹತ್ತು ರೂಪಾಯಿಗಳು ಅಷ್ಟೇ. ದಿನಗಳು ಮಾತ್ರ ಹೋಗುತ್ತವೆ. ಹೆಸರಿನ ವಿಷಯದಲ್ಲೂ ಎಚ್ಚರವಿರಲಿ. ಅಜ್ಜಿಯ ಹೆಸರಿನ ಕೊನೆಗೆ ಒಂದು ಕಡೆ "ಅಮ್ಮ", ಇನ್ನೊಂದು ಕಡೆ "ಅಕ್ಕ" ಸೇರಿತ್ತು. ಮತ್ತೊಂದು ಕಡೆ ಬರೀ ಅಜ್ಜನ ಹೆಸರಿನ ಹಿಂದೆ "ವಿಧವೆ ಕೋಂ" ಎಂದು. ಮೂರನ್ನೂ ಅರ್ಜಿಯಲ್ಲೇ ಬರೆದುಕೊಟ್ಟರೆ ಹುಡುಕುವವರಿಗೆ ಅನುಕೂಲ.

ಸಂಖ್ಯೆ ಸಿಕ್ಕಿತು ಎಂದು ಸಂಭ್ರಮಪಟ್ಟು ಹೋದರೆ ಕಡತ ಇರಲಿಲ್ಲ. ಕಳೆದಿರಲಿಲ್ಲ, ಸ್ಕ್ಯಾನಿಂಗ್‌ಗೆ ಹೋಗಿತ್ತು. ಭೂ ಸುರಕ್ಷಾ ಯೋಜನೆಯಡಿ ರಾಜ್ಯದ ತಾಲ್ಲೂಕುಗಳ ದಾಖಲೆ ಕೊಠಡಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಗಣಕಕ್ಕೆ ಸೇರಿಸುವ ಕೆಲಸ ನಡೆಯುತ್ತಿದೆ. ಬಹಳ ಒಳ್ಳೆಯ ಕೆಲಸ. ಮುಂದೆ ಬರುವವರಿಗೆ ನಕಲು ಸುಲಭವಾಗಿ ಸಿಗುತ್ತದೆ. ನಾನು ಹೋದಾಗ ನಮ್ಮ ಹೋಬಳಿಯ ಕಟ್ಟುಗಳನ್ನು ಬಿಚ್ಚಿ ಪುಟ ಎಣಿಸುತ್ತಿದ್ದರು. ಮುಂದಿನ ವಾರ ಎಂದರು. ಮತ್ತೆ ಮುಂದಿನ ವಾರ. ಆಷಾಢದ ಮಳೆ ಹೊಯ್ಯುತ್ತಿತ್ತು, ರಸ್ತೆಯಲ್ಲಿ ಮರ ಬಿದ್ದು ಬಸ್ ನಿಂತುಹೋದ ದಿನಗಳೂ ಇದ್ದವು. ಅರ್ಜಿಯ ಸ್ವೀಕೃತಿ ಚೀಟಿ ನನ್ನನ್ನು ಕಾಪಾಡಿತು. ಅದರ ಸಂಖ್ಯೆ ಹೇಳಿ ಫೋನಿನಲ್ಲೇ ವಿಚಾರಿಸಬಹುದು ಎಂದು ಅಲ್ಲಿನ ಹಿರಿಯ ಗುಮಾಸ್ತೆಯೊಬ್ಬರು ತಿಳಿಸಿದ ಮೇಲೆ ಓಡಾಟ ಕಡಿಮೆಯಾಯಿತು. ನೀವೂ ಸ್ವೀಕೃತಿಯಿಲ್ಲದೆ ಯಾವ ಅರ್ಜಿಯನ್ನೂ ಕೊಡಬೇಡಿ.

ಕಡತ ಕೈಗೆ ಬಂದದ್ದು ಗಣೇಶನ ಹಬ್ಬ ಕಳೆದ ಮೇಲೆ. ಹಳದಿಯಾದ ಹಾಳೆಗಳು, ಅಂಚು ಮುಟ್ಟಿದರೆ ಉದುರುತ್ತವೆ. ಒಳಗೆ ನಮೂನೆ 7ರ ಅರ್ಜಿ, ಒಡೆಯರ ತಕರಾರು, ಸಾಕ್ಷಿಗಳ ಮಾತು, ನಡುವೆ ಎರಡು ಪುಟ ಅಜ್ಜಿಯ ಹೇಳಿಕೆ. 1977ರದ್ದು. ಗುಮಾಸ್ತರ ಭಾಷೆಯಲ್ಲಿದ್ದರೂ ಅದರೊಳಗೆ ಅವಳ ದನಿ ಕೇಳುತ್ತಿತ್ತು. ಗದ್ದೆ ಉಳುವವರು ಯಾರು ಎಂದು ಕೇಳಿದ್ದಾರೆ. ಗಂಡನಿದ್ದಾಗ ಗಂಡ, ಅವನು ಹೋದ ಮೇಲೆ ತಾನು ಮತ್ತು ಹಿರಿಯ ಮಗ ಎಂದಿದ್ದಾಳೆ. ಹೆಂಗಸು ನೇಗಿಲು ಹಿಡಿಯುವುದುಂಟೇ ಎಂದು ಎದುರಿನವರು ಆಕ್ಷೇಪಿಸಿದ್ದಾರೆ. ಅದಕ್ಕವಳು ಒಂದೊಂದು ಗದ್ದೆಯ ಹೆಸರು, ಯಾವುದಕ್ಕೆ ಯಾವ ಬೀಜ, ಯಾವ ಬದುವಿನಲ್ಲಿ ಏಡಿ ತೂತು ಮಾಡಿ ನೀರು ಸೋರುತ್ತದೆ, ಗೇಣಿಯ ಭತ್ತವನ್ನು ಯಾವ ವರ್ಷ ಎಷ್ಟು ಅಳೆದೆ ಎಂಬುದನ್ನೆಲ್ಲ ಒಪ್ಪಿಸಿದ್ದಾಳೆ. ಮಂಡಳಿಯವರು ಸ್ಥಳ ತನಿಖೆಗೆ ಬಂದು ನೋಡಿದ್ದಾರೆ, ಸೋರುವ ಬದು ಅಲ್ಲಿಯೇ ಇತ್ತೆಂದು ಷರಾ ಬರೆದಿದ್ದಾರೆ. ಹೇಳಿಕೆಯ ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ನಾನು ಹುಟ್ಟುವ ಮುಂಚೆಯೇ ಒತ್ತಿದ ಆ ಬೆರಳ ಗೆರೆಗಳನ್ನು ನೋಡುತ್ತ ದಾಖಲೆ ಕೊಠಡಿಯಲ್ಲೇ ಕಣ್ಣು ತುಂಬಿತು. ಆ ಗುಮಾಸ್ತೆ ಏನೂ ಕೇಳದೆ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು.

ಇದಾದ ಮೇಲೆ ಮಂಡಲ ಪಂಚಾಯಿತಿ. ಕರ್ನಾಟಕದಲ್ಲಿ 1983ರ ಕಾಯ್ದೆಯಂತೆ ಮಂಡಲ ಪಂಚಾಯಿತಿಗಳಿಗೆ 1987ರಲ್ಲಿ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇಕಡ 25ರಷ್ಟು ಮೀಸಲಾತಿ ಇತ್ತು. ದೇಶದ ಉಳಿದ ಭಾಗಗಳಿಗೆ ಸಂವಿಧಾನದ 73ನೆಯ ತಿದ್ದುಪಡಿಯಿಂದ ಮೂರನೇ ಒಂದು ಪಾಲು ಬರುವ ಎಷ್ಟೋ ಮೊದಲೇ ನಮ್ಮ ಹಳ್ಳಿಗಳ ಹೆಂಗಸರು ಕುರ್ಚಿಯಲ್ಲಿ ಕೂತಿದ್ದರು. ಅವರಲ್ಲಿ ಅಜ್ಜಿಯೂ ಒಬ್ಬಳು ಎಂಬುದು ನನಗೆ ಹೆಮ್ಮೆಯ ಸಂಗತಿ. ತೊಡಕೆಂದರೆ, 1993ರ ಕಾಯ್ದೆಯೊಂದಿಗೆ ಮಂಡಲಗಳು ಹೋಗಿ ಗ್ರಾಮ ಪಂಚಾಯಿತಿಗಳು ಬಂದವು. ಒಂದು ಮಂಡಲದ ಪುಸ್ತಕಗಳು ಈಗ ಯಾವ ಪಂಚಾಯಿತಿಯ ಕಪಾಟಿನಲ್ಲಿವೆ ಎಂದು ಹುಡುಕುವುದೇ ಒಂದು ಕೆಲಸ. ಬಾಯಿಮಾತಿನಲ್ಲಿ ಕೇಳಿದಾಗ ಇಲ್ಲ ಎಂದರು. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ; ಅಜ್ಜಿಯ ಮೇಲಿನ ಪ್ರೀತಿಯಿಂದ ಕಥೆ ಬರೆಯಲು ಹೋಗಬೇಡಿ. ಯಾವ ವರ್ಷದಿಂದ ಯಾವ ವರ್ಷದವರೆಗಿನ ನಡವಳಿ ಪುಸ್ತಕ, ಪರಿಶೀಲನೆಗೆ ಅವಕಾಶ ಬೇಕು, ಇಷ್ಟು ಸಾಕು. 30 ದಿನಗಳೊಳಗೆ ಉತ್ತರ ಬರಬೇಕು. ಬಂತು. ನಕಲಿಗೆ ಪುಟಕ್ಕೆ 2 ರೂಪಾಯಿ.

ನಡವಳಿ ಪುಸ್ತಕದಲ್ಲಿ ಅಜ್ಜಿ ಪ್ರಸ್ತಾಪಿಸಿದ ವಿಷಯಗಳು ಮೂರು: ಕಡವಿಗೆ ಹೊಸ ದೋಣಿ, ಉಪಕೇಂದ್ರಕ್ಕೆ ದಾದಿ, ಶಾಲೆಯ ಬಾವಿಗೆ ಕಟ್ಟೆ. ಮೂರೂ ಮುಂದೆ ಆದವು. ನನ್ನನ್ನು ಬೆರಗುಗೊಳಿಸಿದ್ದು ಹಾಜರಾತಿಯ ಪುಟ. ಅಲ್ಲಿ ಹೆಬ್ಬೆಟ್ಟಿಲ್ಲ, ಸಹಿ ಇದೆ! ದೊಡ್ಡ ದೊಡ್ಡ ಅಕ್ಷರ, ಸಾಲು ಮೀರಿ ಮೇಲೆ ಹತ್ತಿದೆ. 1977ರಲ್ಲಿ ಹೆಬ್ಬೆಟ್ಟು ಒತ್ತಿದವಳು 1987ರಲ್ಲಿ ಸಹಿ ಮಾಡಿದ್ದಾಳೆ. ನಡುವೆ ಏನು ನಡೆಯಿತು? ಅತ್ತೆಗೆ ಫೋನ್ ಮಾಡಿದೆ. ವಯಸ್ಕರ ಶಿಕ್ಷಣದ ರಾತ್ರಿ ತರಗತಿ ಊರಿಗೆ ಬಂದಾಗ ಅತ್ತೆ ಐದನೇ ತರಗತಿ. ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾದದ್ದು 1978ರ ಅಕ್ಟೋಬರ್ 2ರಂದು, ಲೆಕ್ಕ ಸರಿಹೊಂದುತ್ತದೆ. ತರಗತಿ ಕೆಲವೇ ತಿಂಗಳಿಗೆ ನಿಂತುಹೋಯಿತಂತೆ. ಅಜ್ಜಿ ಬಿಡಲಿಲ್ಲ. ರಾತ್ರಿ ಚಿಮಣಿ ದೀಪದ ಮುಂದೆ ಮಗಳ ಸ್ಲೇಟಿನಲ್ಲಿ ತಿದ್ದಿ, ಮಂಡಳಿಯಲ್ಲಿ ಗೆದ್ದ ಗದ್ದೆಗಳ ಹೆಸರನ್ನೇ ಮೊದಲು ಬರೆಯಲು ಕಲಿತಳಂತೆ. ಇದನ್ನು ಅತ್ತೆ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಹುಟ್ಟಿದ ಪ್ರಶ್ನೆ ಅದು.

ಮುಳುಗಿದ ಊರನ್ನು ನೋಡುವ ಆಸೆಗೆ ಬೇಸಿಗೆಯೇ ಕಾಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಕಾಣುತ್ತದೆ. ದೊಡ್ಡಪ್ಪನ ಜೊತೆ ಮೇ ತಿಂಗಳಲ್ಲಿ ಹೋದೆ. ಕಪ್ಪಾದ ಮರದ ಬೊಡ್ಡೆಗಳು, ಬಿರುಕುಬಿಟ್ಟ ಮಣ್ಣು. ಅಷ್ಟು ದೂರ ನಡೆದರೂ ಅವರ ಮನೆಯಿದ್ದ ಜಾಗ ನೀರಿನಲ್ಲಿಯೇ ಇತ್ತು. ಎಪ್ಪತ್ತು ದಾಟಿದ ದೊಡ್ಡಪ್ಪ ಕೈ ಚಾಚಿ ತೋರಿಸಿದರು. ಹೋಗುವವರು ಸ್ಥಳೀಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಣಗಿದಂತೆ ಕಾಣುವ ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ. ನೀರಿಗಿಂತ ಮುಂಚಿನ ಕಣಿವೆಯನ್ನು ನೋಡಲು ನಕ್ಷೆಗಳು ಸಹಾಯ ಮಾಡಿದವು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯವು ಭಾರತದ 1950ರ ದಶಕದ ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅಲ್ಲಿ ಲಿಂಗನಮಕ್ಕಿಯ ಜಲಾಶಯವಿಲ್ಲ, ಹೊಳೆ ಹೊಳೆಯಾಗಿಯೇ ಇದೆ. ಜನಗಣತಿ ಇಲಾಖೆಯ ಡಿಜಿಟಲ್ ಗ್ರಂಥಾಲಯದ ಹಳೆಯ ಸಂಪುಟಗಳಲ್ಲಿ ಊರುಗಳ ಹೆಸರು ಹುಡುಕಬಹುದು.

ಫೋಟೋಗಳ ವಿಷಯ ಚುಟುಕಾಗಿ: ಮಲೆನಾಡಿನ ಮಳೆಯಲ್ಲಿ ಹಳೆಯ ಆಲ್ಬಮ್ ತೆರೆಯಬೇಡಿ, ಬೂಷ್ಟು ಹಿಡಿಯುತ್ತದೆ. ಅಂಟು ಹಾಳೆಗೆ ಕಚ್ಚಿಕೊಂಡ ಚಿತ್ರವನ್ನು ಕೀಳದೆ ಅಲ್ಲಿಯೇ ಸ್ಕ್ಯಾನ್ ಮಾಡಿಸಿ. 600 ಡಿಪಿಐ ಇದ್ದರೆ ದೊಡ್ಡದಾಗಿ ಮುದ್ರಿಸಲೂ ಸಾಲುತ್ತದೆ.

ಮನೆಯೊಳಗಿನ ತೊಡಕು ಕಚೇರಿಯದಕ್ಕಿಂತ ಸೂಕ್ಷ್ಮವಾದದ್ದು. ನ್ಯಾಯ ಮಂಡಳಿಯ ಪ್ರಕರಣವನ್ನು ಅಚ್ಚು ಹಾಕುವುದು ದೊಡ್ಡಪ್ಪನಿಗೆ ಇಷ್ಟವಿರಲಿಲ್ಲ. ಒಡೆಯರ ಮನೆಯ ಮೊಮ್ಮಕ್ಕಳು ಈಗ ನಮಗೆ ಆಪ್ತರು, ಮದುವೆ ಮುಂಜಿಗೆ ಹೋಗಿ ಬರುವವರು. ಹಳೆಯದನ್ನು ಕೆದಕುವುದೇಕೆ ಎಂಬುದು ಅವರ ವಾದ. ಅಜ್ಜಿಯ ಬದುಕಿನ ದೊಡ್ಡ ಗೆಲುವನ್ನೇ ಬಿಟ್ಟರೆ ಪುಸ್ತಕಕ್ಕೆ ಅರ್ಥವೇನು ಎಂಬುದು ನನ್ನದು. ಕೆಲವು ವಾರ ಮಾತು ಬಿಗಿಯಾಗಿಯೇ ಇತ್ತು. ಕೊನೆಗೆ ನಾನೇ ಆ ಮನೆಗೆ ಹೋಗಿ, ಬರೆದದ್ದನ್ನು ಓದಿ ಹೇಳಿ, ಮನೆತನದ ಹೆಸರು ಹಾಕುವುದಿಲ್ಲವೆಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಟ್ಟದಿಂದ ಗೇಣಿ ಲೆಕ್ಕದ ಪುಸ್ತಕ ಇಳಿಸಿಕೊಟ್ಟರು. ಅದರಲ್ಲಿ ಅಜ್ಜಿಯ ಹೆಸರಿನ ಪುಟವಿತ್ತು. ಜೊತೆಗೊಂದು ಫೋಟೋ: ಅವರ ಮನೆಯ ಬಾಣಂತಿಯ ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ನಿಂತ ನಮ್ಮ ಅಜ್ಜಿ. ನಲವತ್ತರ ವಯಸ್ಸಿನ ಅಜ್ಜಿಯ ಮುಖವನ್ನು ನಾವು ಕಂಡದ್ದು ಅದೇ ಮೊದಲು. ಎದುರಾಳಿಯ ಮನೆಯ ಹೆರಿಗೆಯನ್ನೂ ಅವಳೇ ಮಾಡಿಸಿದ್ದಳು, ಅದೂ ಪ್ರಕರಣ ನಡೆಯುತ್ತಿದ್ದ ವರ್ಷವೇ. ಫೋಟೋ ನೋಡಿದ ದೊಡ್ಡಪ್ಪ ಮತ್ತೆ ಬೇಡವೆನ್ನಲಿಲ್ಲ.

ಅಚ್ಚಿನ ಖರ್ಚು ನೂರು ಪ್ರತಿಗೆ ಹದಿನಾರು ಸಾವಿರ ರೂಪಾಯಿಯ ಹತ್ತಿರ ಆಯಿತು. ಫೋಟೋ ಸ್ಕ್ಯಾನಿಂಗ್ ಮತ್ತು ತಿದ್ದುವಿಕೆಗೆ ಮೂರು ಸಾವಿರ. ಓಡಾಟದ ಖರ್ಚು ಬೇರೆ. ನಾಲ್ಕು ಮನೆಯವರು ಹಂಚಿಕೊಂಡೆವು. ನಾನು ಯೂನಿಕೋಡ್‌ನಲ್ಲಿ ಬರೆದಿದ್ದೆ, ಪುಟ ಕಟ್ಟುವವರು ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿದರು. ಆ ಬದಲಾವಣೆಯಲ್ಲಿ ಅರ್ಕಾವೊತ್ತು ಮತ್ತು ಕೆಲವು ಒತ್ತಕ್ಷರಗಳು ಕೆಟ್ಟವು. ಕರಡನ್ನು ಮೂವರು ಬೇರೆ ಬೇರೆಯಾಗಿ ಓದಿದ್ದರಿಂದ ಉಳಿದುಕೊಂಡೆವು. ಯೂನಿಕೋಡ್‌ನಲ್ಲೇ ಪುಟ ಕಟ್ಟುವವರು ಸಿಕ್ಕಿದರೆ ಅವರಲ್ಲಿಗೇ ಹೋಗಿ. ಕಾಗದದ ದಪ್ಪಕ್ಕಿಂತ ಅಕ್ಷರದ ಗಾತ್ರಕ್ಕೆ ಹಣ ಹಾಕಿ. ಇದನ್ನು ಓದುವವರಲ್ಲಿ ಅರ್ಧ ಜನ ಎಪ್ಪತ್ತು ದಾಟಿದವರು.

ಪುಸ್ತಕದ ಕೊನೆಗೆ ಆರು ಖಾಲಿ ಪುಟ ಬಿಡಿಸಿದ್ದು ಅತ್ತೆಯ ಸಲಹೆ. ಅದೆಷ್ಟು ಸರಿಯೆಂದು ಈಗ ತಿಳಿಯುತ್ತಿದೆ. ಹಂಚಿದ ವಾರದಿಂದ ಫೋನ್ ಬರುತ್ತಲೇ ಇದೆ. ನಿವೃತ್ತರಾದ ಒಬ್ಬ ಅಂಚೆ ನೌಕರರು ತಾವು ಹುಟ್ಟಿದ ರಾತ್ರಿಯನ್ನು ತಮ್ಮ ತಾಯಿಯಿಂದ ಕೇಳಿದಂತೆ ಹೇಳಿದರು: ಗಾಳಿಮಳೆಗೆ ದೋಣಿಯವನು ಬರಲೊಪ್ಪದೆ, ಅಜ್ಜಿ ತೆಪ್ಪದಲ್ಲಿ ಕೂತು, ಲಾಟೀನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿನ್ನೀರು ದಾಟಿ ಬಂದಳಂತೆ. ಮಗು ಅಳಲಿಲ್ಲವೆಂದು ಎಲ್ಲರೂ ಕೈಬಿಟ್ಟಾಗ ಅವಳು ಬಿಡದೆ ಬೆನ್ನು ಉಜ್ಜಿ ಅಳಿಸಿದಳಂತೆ. ಅವರ ಹೆಸರು, ಊರು, ವರ್ಷ ಬರೆದುಕೊಂಡಿದ್ದೇನೆ. ಅವಳ ಕೈಯಲ್ಲಿ ಹುಟ್ಟಿದವರ ಪಟ್ಟಿ ಮೊದಲ ಖಾಲಿ ಪುಟ ದಾಟಿ ಎರಡನೆಯದಕ್ಕೆ ಬಂದಿದೆ. ಬರುವ ಬೇಸಿಗೆಯಲ್ಲಿ ಹಿನ್ನೀರಿನ ಆಚೆಯ ಊರುಗಳಿಗೆ ಅತ್ತೆಯೂ ನನ್ನ ಜೊತೆ ಬರುತ್ತಾಳೆ. ಆ ಪಟ್ಟಿಯೊಂದಿಗೆ ಎರಡನೇ ಮುದ್ರಣ ಮಾಡಿಸಬೇಕು.